ಊಟದ ನಂತರ ಏಳದ ಕಂಪ್ಯೂಟರ್

ನಮ್ಮಣ್ಣನದು ಬೋರ್ಡ್ ಬರೆಯುವ ಅಂಗಡಿ. ಬರೆಯುವುದು ಎಂದರೆ ಈಗ ಕುಂಚ ಹಿಡಿಯುವುದಲ್ಲ. ಅವನು ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸುತ್ತಾನೆ, ಪಕ್ಕದ ಕಟಿಂಗ್ ಮೆಷಿನ್ ಅದನ್ನು ಬಣ್ಣದ ಅಂಟುಹಾಳೆಯ ಮೇಲೆ ಕತ್ತರಿಸುತ್ತದೆ, ನಾನು ಚಿಮುಟ ಹಿಡಿದು ಬೇಡದ ಚೂರುಗಳನ್ನೆಲ್ಲ ಕಿತ್ತು ಅಕ್ಷರಗಳನ್ನು ಮಾತ್ರ ಉಳಿಸುತ್ತೇನೆ. ಅಣ್ಣನ ಪ್ರಕಾರ ಇದು ಪೂರ್ತಿ ಅವನ ಅಂಗಡಿ. ನನ್ನ ಪ್ರಕಾರ, ನಾನು ನಾಲ್ಕು ದಿನ ರಜೆ ಹಾಕಿದರೆ ಊರಿನ ಅರ್ಧ ಅಂಗಡಿಗಳು ಹೆಸರಿಲ್ಲದೆ ಬಾಗಿಲು ತೆರೆಯಬೇಕಾಗುತ್ತದೆ.

ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಅಣ್ಣ ಮತ್ತು ಅಮ್ಮ ಇಬ್ಬರೇ. ನಾನು ಮದುವೆಯಾಗಿ ಪಕ್ಕದ ಬೀದಿಯವರೆಗೆ ಮಾತ್ರ ಹೋದವಳು. ಬೆಳಗ್ಗೆ ಬಂದು ಸಂಜೆ ಮರಳುತ್ತೇನೆ. ಅಣ್ಣನಿಗೆ ಆಗ ನಲವತ್ತು ಹತ್ತಿರವಾಗುತ್ತಿತ್ತು, ಮದುವೆ ಆಗಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ಅಮ್ಮ, "ಅವನಿನ್ನೂ ಅಳತೆ ತಗೋತಾ ಇದ್ದಾನೆ" ಎನ್ನುತ್ತಿದ್ದಳು. ಅದೇನೂ ಸುಳ್ಳಲ್ಲ. ಒಂದು ಬೋರ್ಡ್ ಗೋಡೆಗೆ ಹಾಕಬೇಕಾದರೂ ರಸಮಟ್ಟ ಇಟ್ಟು, ರಸ್ತೆಯ ಆಚೆ ಹೋಗಿ ನಿಂತು ನೋಡಿ, ಮತ್ತೆ ಬಂದು ಕೂದಲೆಳೆಯಷ್ಟು ಸರಿಸಿ, ಮತ್ತೆ ರಸ್ತೆ ದಾಟುವ ಮನುಷ್ಯ ಅವನು. ಅಂಥವನು ಹೆಣ್ಣು ನೋಡಲು ಹೋದರೆ ಏನಾಗಬೇಕೋ ಅದೇ ಆಗಿತ್ತು. ಅವನು ಅಳೆದು ಮುಗಿಸುವಷ್ಟರಲ್ಲಿ ಆ ಹುಡುಗಿಯರಿಗೆಲ್ಲ ಮಕ್ಕಳಾಗಿದ್ದವು.

ಇಷ್ಟು ನಿಧಾನದ ಅಣ್ಣನಿಗೆ ಕಂಪ್ಯೂಟರ್ ಮಾತ್ರ ವೇಗವಾಗಿರಬೇಕು. ಹಳೆಯ ಹಾರ್ಡ್ ಡಿಸ್ಕ್ ಗರಗರ ಅನ್ನುತ್ತಾ ತೆರೆಯುವುದಕ್ಕೆ ಯುಗವನ್ನೇ ತೆಗೆದುಕೊಳ್ಳುತ್ತಿದೆ ಎಂದು, ಅದನ್ನು ಕಿತ್ತು ಹೊಸ ಎಸ್‌ಎಸ್‌ಡಿ ತಂದು ತಾನೇ ಕೂರಿಸಿದ. ಬಿಸ್ಕತ್ತಿನಷ್ಟು ಗಾತ್ರ, ಒಳಗೆ ತಿರುಗುವ ಭಾಗವೇ ಇಲ್ಲ, ಸದ್ದಿಲ್ಲ. ಕಂಪ್ಯೂಟರ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಎದ್ದು ಕೂರುತ್ತಿತ್ತು. ಬೋರ್ಡ್ ಬರೆಸಲು ಬಂದವರಿಗೆ ಅಣ್ಣ ಮೊದಲು ಅದನ್ನು ಆರಿಸಿ, ಹೊತ್ತಿಸಿ ತೋರಿಸಿ, ಆಮೇಲೆ ನಿಮಗೇನು ಬೇಕು ಎಂದು ಕೇಳುತ್ತಿದ್ದ.

ಆ ಸಡಗರ ಬಹಳ ದಿನ ಉಳಿಯಲಿಲ್ಲ.

ಅಣ್ಣನಿಗೆ ಊಟದ ನಂತರ ಒಂದು ನಿದ್ದೆ ಆಗಲೇಬೇಕು. ಏಳುವಾಗ ಅರ್ಧ ಮಾಡಿದ ಕೆಲಸ ಹಾಗೇ ಎದುರಿಗಿರಬೇಕೆಂದು ಕಂಪ್ಯೂಟರನ್ನು ಆರಿಸುವುದಿಲ್ಲ, ಅದನ್ನೂ ಸ್ಲೀಪ್‌ಗೆ ಹಾಕಿ ತಾನೂ ಹೋಗಿ ಮಲಗುತ್ತಾನೆ. ಒಂದು ಮಧ್ಯಾಹ್ನ ಎದ್ದು, ಮುಖ ತೊಳೆದು, ಬಂದು ಕೂತು ಕೀ ಒತ್ತಿದ. ಫ್ಯಾನ್ ತಿರುಗಿತು. ಪರದೆ ಒಮ್ಮೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು, ಮೂಲೆಯಲ್ಲಿ ಒಂದೇ ಒಂದು ಬಿಳಿ ಸಾಲು ಮೂಡಿತು. ಡಿಸ್ಕ್ ಎಲ್ಲೂ ಕಾಣುತ್ತಿಲ್ಲ, ಒಂದನ್ನು ಹಾಕಿ ಎಂದು ಅದರ ತಾತ್ಪರ್ಯ.

"ಕಾಣ್ತಿಲ್ಲ ಅಂದ್ರೆ? ಒಳಗೇ ಇದೆಯಲ್ಲ," ಎಂದು ಅಣ್ಣ ಕಂಪ್ಯೂಟರಿಗೇ ಹೇಳಿದ.

ಒಳಗಿನಿಂದ ಬಂದ ಅಮ್ಮ ಪರದೆಯನ್ನೂ ಅವನನ್ನೂ ನೋಡಿದಳು. "ನಿನ್ನ ಜೊತೆ ಇದ್ದೂ ಇದ್ದೂ ಅದಕ್ಕೂ ಮಧ್ಯಾಹ್ನ ಏಳೋಕೆ ಸೋಮಾರಿತನ ಬಂದಿದೆ."

ಅಣ್ಣ ರೀಸ್ಟಾರ್ಟ್ ಗುಂಡಿ ಒತ್ತಿದ. ಅದೇ ಬಿಳಿ ಸಾಲು. ಕೊನೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದ. ಏನೂ ಆಗಿಯೇ ಇಲ್ಲವೆಂಬಂತೆ ಕಂಪ್ಯೂಟರ್ ನಗುನಗುತ್ತಾ ತೆರೆದುಕೊಂಡಿತು. ಆದರೆ ಹೊಸ ಬೇಕರಿಯೊಂದರ ಬೋರ್ಡಿಗಾಗಿ ಬೆಳಗ್ಗಿನಿಂದ ಎಳೆ ಎಳೆಯಾಗಿ ಬಿಡಿಸಿದ್ದ ಗೋಧಿಯ ತೆನೆ ಮಾಯವಾಗಿತ್ತು. ಅಣ್ಣ ಸೇವ್ ಮಾಡಿರಲಿಲ್ಲ. ತಪ್ಪು ಯಾರದು ಎಂಬ ಚರ್ಚೆಗೆ ಹೋಗದೆ ಮತ್ತೆ ಮೊದಲ ಕಾಳಿನಿಂದ ಶುರುಮಾಡಿದ.

ಮರುದಿನ ಮಧ್ಯಾಹ್ನವೂ ಹಾಗೇ ಆಯಿತು. ಅದರ ಮರುದಿನವೂ. ಆಗ ಅಣ್ಣ ರಿಪೇರಿ ಮೇಡಂಗೆ ಫೋನ್ ಮಾಡಿದ.

ರಿಪೇರಿ ಮೇಡಂ ಎಂದರೆ ಎರಡು ಬೀದಿ ಆಚೆ, ಔಷಧದ ಅಂಗಡಿಯ ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು. ಮೊದಲು ಯಾವುದೋ ದೊಡ್ಡ ಸರ್ವಿಸ್ ಸೆಂಟರಿನಲ್ಲಿದ್ದವರು. ಅಲ್ಲಿ ಏನು ಕೆಟ್ಟರೂ ಬದಲಾಯಿಸಿ ಕಳಿಸು ಎನ್ನುತ್ತಾರೆ, ಯಾಕೆ ಕೆಟ್ಟಿತು ಎಂದು ನೋಡಲು ಬಿಡುವುದಿಲ್ಲ ಎಂದು ಬಿಟ್ಟುಬಂದು ಸ್ವಂತ ಅಂಗಡಿ ಹಾಕಿದ್ದರು. ವಯಸ್ಸು ಹೆಚ್ಚುಕಡಿಮೆ ಅಣ್ಣನದೇ. ಕಡಿಮೆ ಮಾತು, ಹೆಗಲಿಗೊಂದು ಬೂದು ಬಣ್ಣದ ಚೀಲ, ತಲೆಯ ಮೇಲಕ್ಕೆ ಏರಿಸಿಟ್ಟ ಕನ್ನಡಕ. ಏನಾದರೂ ಹತ್ತಿರದಿಂದ ನೋಡಬೇಕಾದಾಗ ಮಾತ್ರ ಅದು ಮೂಗಿಗೆ ಇಳಿಯುತ್ತಿತ್ತು.

ಬಂದರು. ಕಂಪ್ಯೂಟರ್ ಚೆನ್ನಾಗಿತ್ತು. ಸ್ಲೀಪ್‌ಗೆ ಹಾಕಿ ಎಬ್ಬಿಸಿದರು, ಎದ್ದಿತು. ಮತ್ತೆ ಹಾಕಿದರು, ಮತ್ತೆ ಎದ್ದಿತು. ಶಾಲೆಗೆ ತನಿಖೆಗೆ ಬಂದವರ ಮುಂದೆ ಮಕ್ಕಳು ಎದ್ದು ನಿಲ್ಲುವ ಹಾಗೆ ಹೇಳಿದ ತಕ್ಷಣ ಏಳುತ್ತಿತ್ತು.

"ಸರಿ ಇದೆಯಲ್ಲ ಸರ್," ಎಂದರು ಮೇಡಂ.

"ಈಗ ಸರಿ ಇದೆ," ಅಣ್ಣನ ಮೋರೆ ಪೆಚ್ಚಾಯಿತು. "ಮಧ್ಯಾಹ್ನ ಕೆಡುತ್ತೆ."

"ಮತ್ತೆ ಕೆಟ್ಟಾಗ ಆರಿಸ್ಬೇಡಿ. ಹಾಗೇ ಬಿಟ್ಟು ನಂಗೆ ಫೋನ್ ಮಾಡಿ. ಕೆಟ್ಟಿರೋದನ್ನ ನಾನು ಕಣ್ಣಾರೆ ನೋಡ್ಬೇಕು."

ಮರುದಿನ ಮಧ್ಯಾಹ್ನ ಅಣ್ಣ ಎದ್ದು ಕೀ ಒತ್ತಿದಾಗ ಪರದೆಯ ಮೇಲೆ ಅದೇ ಬಿಳಿ ಸಾಲು. ಫೋನ್ ಮಾಡಿದ, ಮೇಡಂ ಹೊರಟರು. ಅವರಿಗೆ ಎದುರಾಗಿ ಬೀದಿ ತಿರುವಿನವರೆಗೆ ಹೋಗಿ ನಿಂತ. ಇಬ್ಬರೂ ಸೇರಿ ಒಳಗೆ ಬಂದರೆ ಕಂಪ್ಯೂಟರ್ ಲಕಲಕ ಹೊಳೆಯುತ್ತಿತ್ತು. ಎದುರಿಗೆ ಅಮ್ಮ, ಕೈಯಲ್ಲೊಂದು ಒರೆಸುವ ಬಟ್ಟೆ.

"ಯಾರು ಸರಿ ಮಾಡಿದ್ದು?" ಅಣ್ಣ ಕೇಳಿದ.

"ನಾನೇ. ಸ್ವಿಚ್ ಆರಿಸಿ ಹಾಕಿದೆ, ಬಂತು. ಧೂಳೂ ಒರೆಸಿದೆ," ಎಂದಳು ಅಮ್ಮ. "ಮನೆಗೆ ಯಾರೋ ಬರ್ತಾರೆ ಅಂದ್ರೆ ವಸ್ತು ಹಾಗೆ ಕೆಟ್ಟು ಕೂತಿದ್ರೆ ಚೆನ್ನಾಗಿರುತ್ತಾ?"

ಅಣ್ಣ ಹಣೆ ಹಿಡಿದುಕೊಂಡ. ಮೇಡಂ ತುಟಿಯ ಒಂದು ತುದಿ ಸ್ವಲ್ಪ ಮೇಲೆದ್ದು ಕೆಳಗಿಳಿದದ್ದನ್ನು ನಾನು ಕಂಡೆ. ಬಂದದ್ದಕ್ಕೆ ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು, ಆ ಹೊಸ ಎಸ್‌ಎಸ್‌ಡಿ ಡ್ರೈವಿಗೆ ಹೋಗುವ ಕೇಬಲ್ ಬದಲಾಯಿಸಿದರು. ಡ್ರೈವ್‌ನ ಆರೋಗ್ಯ ತೋರಿಸುವ ಒಂದು ಪ್ರೋಗ್ರಾಂ ಓಡಿಸಿ ನೋಡಿದರು. ಎಲ್ಲವೂ ನೆಟ್ಟಗಿತ್ತು. "ಯಾರು ಕೂರಿಸಿದ್ದು ಇದನ್ನ?" ಎಂದು ಕೇಳಿದರು.

"ನಾನೇ," ಎಂದ ಅಣ್ಣ, ಬೈಸಿಕೊಳ್ಳಲು ಸಿದ್ಧನಾಗಿ.

"ಅಚ್ಚುಕಟ್ಟಾಗಿ ಕೂರಿಸಿದ್ದೀರ. ಸ್ಕ್ರೂ ಎಲ್ಲ ಒಂದೇ ಸಮ ಇದೆ."

ಅಣ್ಣನ ಕಿವಿ ಕೆಂಪಾಯಿತು. ಬೋರ್ಡಿನ ಬಗ್ಗೆ ಅವನನ್ನು ಹೊಗಳಿದವರು ಬೇಕಾದಷ್ಟು ಜನ. ಸ್ಕ್ರೂ ಒಂದೇ ಸಮ ಇರುವುದನ್ನು ನೋಡಿದವರು ಯಾರೂ ಇರಲಿಲ್ಲ.

ಕೇಬಲ್ ಬದಲಾಯಿಸಿದ್ದರಿಂದ ಏನೂ ಆಗಲಿಲ್ಲ. ಮತ್ತೆ ಫೋನ್, ಮತ್ತೆ ಭೇಟಿ. ಒಮ್ಮೆ ಮೇಡಂ ಬೇರೆ ಕಡೆ ಸಿಕ್ಕಿಹಾಕಿಕೊಂಡು ಸಂಜೆಗೆ ಬಂದರು. ಅಷ್ಟರಲ್ಲಿ ಅವಸರದ ಗಿರಾಕಿಯೊಬ್ಬರಿಗಾಗಿ ಅಣ್ಣ ಆರಿಸಿ ಹೊತ್ತಿಸಲೇಬೇಕಾಗಿ ಬಂದಿತ್ತು. ಹೀಗೆ, ಆ ಕಂಪ್ಯೂಟರ್ ಕೆಟ್ಟದ್ದನ್ನು ಅಣ್ಣ ನೋಡಿದ್ದ, ನಾನು ನೋಡಿದ್ದೆ, ಅಮ್ಮ ನೋಡಿದ್ದಳು. ಯಾರು ನೋಡಬೇಕಿತ್ತೋ ಅವರೊಬ್ಬರು ನೋಡಿರಲಿಲ್ಲ.

ಇಷ್ಟಾದ ಮೇಲೆ ನಾವು ಸುಮ್ಮನಿರುವುದು ಹೇಗೆ?

"ಅಣ್ಣ, ಅವರು ಬಂದ್ರೆ ಸಾಕು ನಿನ್ನ ಕಂಪ್ಯೂಟರ್ ಹುಷಾರಾಗುತ್ತೆ," ಎಂದೆ ಚಿಮುಟ ಆಡಿಸುತ್ತಾ.

"ಕಂಪ್ಯೂಟರ್ ಒಂದೇ ಅಲ್ಲ ಕಣೇ," ಅಮ್ಮ ದನಿಗೂಡಿಸಿದಳು. "ಇವನೂ ಇವತ್ತು ಇಸ್ತ್ರಿ ಅಂಗಿ ಹಾಕಿದ್ದಾನೆ."

"ಬೇರೆ ಅಂಗಿ ಒಗೆಯೋಕೆ ಹಾಕಿದ್ದೆ," ಎಂದ ಅಣ್ಣ, ಪರದೆಯಿಂದ ಕಣ್ಣು ತೆಗೆಯದೆ.

"ಗಡ್ಡನೂ ಒಗೆಯೋಕೆ ಹಾಕಿದ್ಯಾ?" ಅಮ್ಮ ಬಿಡಲಿಲ್ಲ.

ಅಣ್ಣ ಎದ್ದು ಹೋಗಿ ಕಟಿಂಗ್ ಮೆಷಿನ್ನಿಗೆ ಹೊಸ ಹಾಳೆ ಹಾಕಿದ. ಹಳೆಯದೇ ಇನ್ನೂ ಅರ್ಧ ಉಳಿದಿತ್ತು.

ತಮಾಷೆ ಮಾಡುವುದು ನಮಗೆ ಸುಲಭ. ಆದರೆ ಮೇಡಂ ಕೂಡ ಒಂದು ದಿನ ಚೀಲ ಹೆಗಲಿಗೇರಿಸುತ್ತಾ ನೇರವಾಗಿ ಕೇಳಿಬಿಟ್ಟರು. "ಸರ್, ಬೇಜಾರ್ ಮಾಡ್ಕೋಬೇಡಿ. ಇದು ನಿಜವಾಗ್ಲೂ ಕೆಡುತ್ತಾ?"

ಅಣ್ಣನಿಗೆ ಅದು ನಾಟಿತು. ಅವನು ಯಾರಿಗೂ ಸುಳ್ಳು ಹೇಳುವವನಲ್ಲ. ಬೋರ್ಡ್ ಒಂದು ದಿನ ತಡವಾಗುತ್ತದೆ ಎಂದರೆ ಆ ದಿನವೇ ಫೋನ್ ಮಾಡಿ ತಿಳಿಸುವವನು. ಮರುದಿನ ನಿದ್ದೆಯಿಂದ ಎದ್ದವನೇ ಮುಖವನ್ನೂ ತೊಳೆಯದೆ ಓಡಿಬಂದು, ಬಿಳಿ ಸಾಲು ಮೂಡಿದ್ದ ಪರದೆಯ ಫೋಟೊ ತೆಗೆದು ಅವರಿಗೆ ಕಳಿಸಿದ. ಗೆದ್ದೆ ಎಂಬ ಮುಖದಲ್ಲಿ ನನಗೂ ತೋರಿಸಿದ. ನಾನು ನೋಡಿದೆ. ಕಪ್ಪು ಪರದೆಯಲ್ಲಿ ಆ ಬಿಳಿ ಸಾಲು ಎಷ್ಟು ಚೆನ್ನಾಗಿ ಕಾಣುತ್ತಿತ್ತೋ ಅಷ್ಟೇ ಚೆನ್ನಾಗಿ ಅಣ್ಣನ ಪ್ರತಿಬಿಂಬವೂ ಕಾಣುತ್ತಿತ್ತು. ಕೆದರಿ ನಿಂತ ಕೂದಲು, ಒಂದು ಕೆನ್ನೆಯ ಮೇಲೆ ದಿಂಬಿನ ಗೆರೆಗಳು, ಅರ್ಧ ತೆರೆದ ಕಣ್ಣು.

"ಇದನ್ನ ಕಳಿಸಿಬಿಟ್ಯಾ?" ಎಂದೆ.

ಅವನು ಮತ್ತೆ ನೋಡಿದ. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ.

ಮೇಡಂ ಅಂದೇ ಬಂದರು, ಆದರೆ ಅಷ್ಟರಲ್ಲಿ ಬೀದಿಯ ಕರೆಂಟ್ ಹೋಗಿ ಬಂದು, ಬಿಳಿ ಸಾಲು ಮಾಯವಾಗಿತ್ತು. ಆ ಫೋಟೊದ ವಿಷಯವನ್ನು ಅವರು ಎತ್ತಲಿಲ್ಲ, ಅಣ್ಣ ಎತ್ತುವ ಪ್ರಶ್ನೆಯೇ ಇರಲಿಲ್ಲ. ಆದರೆ ಬಾಗಿಲಲ್ಲಿ ಅಣ್ಣನ ಕೂದಲಿನ ಕಡೆಗೊಮ್ಮೆ ನೋಡಿದ್ದಂತೂ ಹೌದು. "ನೀವು ಎಷ್ಟು ಹೊತ್ತು ಮಲಗ್ತೀರ?" ಎಂದು ಕೇಳಿದರು.

ಅಣ್ಣ ತಡಬಡಾಯಿಸಿದ. "ಸುಮ್ನೆ ಹಾಗೇ... ಸ್ವಲ್ಪ ಕಣ್ಣು ಮುಚ್ತೀನಿ ಅಷ್ಟೇ."

"ಗಂಟೆಗಟ್ಲೆ," ಎಂದಳು ಅಮ್ಮ.

"ಅದೇ ವಿಷಯ," ಮೇಡಂ ಕನ್ನಡಕ ಮೂಗಿಗಿಳಿಸಿದರು. "ನಾನು ಬಂದಾಗೆಲ್ಲ ಹಾಕಿ ತಕ್ಷಣ ಎಬ್ಬಿಸ್ತಿದ್ದೆ. ಚಿಕ್ಕ ನಿದ್ದೆಗೆ ಇದು ಏನೂ ಮಾಡಲ್ಲ, ದೊಡ್ಡ ನಿದ್ದೆಗೇ ಕೆಡೋದು. ನಾಳೆ ಊಟದ ಹೊತ್ತಿಗೆ ಬರ್ತೀನಿ. ಮಲಗಿಸಿ ಇಲ್ಲೇ ಕೂತಿರ್ತೀನಿ. ಯಾರೂ ಮುಟ್ಟಬಾರದು." ಕೊನೆಯ ಮಾತು ಹೇಳುವಾಗ ಅವರು ಗೌರವದಿಂದಲೇ ಅಮ್ಮನ ಕಡೆ ತಿರುಗಿದ್ದರು.

ಮರುದಿನ ಅವರು ಬರುವಷ್ಟರಲ್ಲಿ ಸ್ವಿಚ್ಚಿನ ಕೆಳಗೆ ಒಂದು ಬೋರ್ಡ್ ಬಂದಿತ್ತು. ಬಿಳಿಯ ಮೇಲೆ ಕೆಂಪು ಅಕ್ಷರ, ಸುತ್ತ ತೆಳುವಾದ ಅಂಚು: ಮುಟ್ಟಬೇಡಿ. ಬೆಳಗ್ಗಿನ ಕೆಲಸವನ್ನೆಲ್ಲ ಬದಿಗಿಟ್ಟು ಅಣ್ಣ ಮಾಡಿದ್ದು.

ಮೇಡಂ ಅದನ್ನು ಬಗ್ಗಿ ನೋಡಿದರು. "ಒಂದು ಚೀಟಿ ಅಂಟಿಸಿದ್ರೆ ಸಾಕಿತ್ತು."

"ಚೀಟಿಗೆ ಅಮ್ಮ ಹೆದರಲ್ಲ," ಎಂದ ಅಣ್ಣ.

ಕಂಪ್ಯೂಟರನ್ನು ಮಲಗಿಸಿದರು. ಎಲ್ಲರೂ ಊಟ ಮಾಡಿದೆವು. ಊಟ ಮುಗಿಯುವ ಹೊತ್ತಿಗೆ ಅಮ್ಮ ಮೇಡಂ ಬಗ್ಗೆ ತಿಳಿಯಬೇಕಾದ್ದನ್ನೆಲ್ಲ ತಿಳಿದುಕೊಂಡಿದ್ದಳು. ಮನೆಯಲ್ಲಿ ಇರುವುದು ಅವರು ಮತ್ತು ಅವರ ಚಿಕ್ಕಮ್ಮ. ಚಿಕ್ಕಮ್ಮನಿಗೆ ಹಳೆಯ ರೇಡಿಯೊ ಕೂಡಿಡುವ ಹುಚ್ಚು. ಚಿಕ್ಕಂದಿನಲ್ಲಿ ಅವನ್ನೇ ಬಿಚ್ಚಿ ಬಿಚ್ಚಿ ಮೇಡಂಗೆ ಈ ವಿದ್ಯೆ ಹತ್ತಿದ್ದು. ಮದುವೆ ಯಾಕಾಗಲಿಲ್ಲ ಎಂದು ಅಮ್ಮ ಕೇಳಿದ್ದಕ್ಕೆ, "ಯಾರೂ ಸರಿಯಾಗಿ ಕೇಳ್ಲಿಲ್ಲ ಅಮ್ಮ" ಎಂದು ಅವರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು. ಅಣ್ಣನಿಗೆ ನೀರು ಗಂಟಲಲ್ಲಿ ಸಿಕ್ಕಿತು.

ಊಟದ ನಂತರ ನಿಜವಾದ ಕಷ್ಟ ಶುರುವಾಯಿತು. ಅತಿಥಿ ಕೂತಿರುವಾಗ ಹೋಗಿ ಮಲಗುವುದು ಹೇಗೆ? ಅಣ್ಣ ಕಂಪ್ಯೂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತ. ಬಣ್ಣದ ಹಾಳೆಗಳ ಬಗ್ಗೆ ಏನೋ ವಿವರಿಸಲು ಹೊರಟ. ಹೊರಗೆ ಹಾಕುವ ಬೋರ್ಡಿಗೆ ಬಿಸಿಲು ತಡೆಯುವ ಹಾಳೆಯೇ ಬೇಕು, ಇಲ್ಲದಿದ್ದರೆ ಕೆಂಪು ಬಣ್ಣ ಮೊದಲು ಹೋಗುತ್ತದೆ, ಆಮೇಲೆ... ಆಮೇಲೆ ಏನು ಹೋಗುತ್ತದೆ ಎಂದು ನಮಗೆ ತಿಳಿಯಲೇ ಇಲ್ಲ. ಮಾತಿನ ನಡುವೆಯೇ ಗದ್ದ ಎದೆಗೆ ತಗುಲಿತ್ತು. ಬೆನ್ನು ಮಾತ್ರ ರಸಮಟ್ಟ ಇಟ್ಟಂತೆ ನೆಟ್ಟಗೇ ಇತ್ತು.

ನಾನು ಎಬ್ಬಿಸಲು ಹೋದೆ. ಮೇಡಂ ಕೈಸನ್ನೆಯಲ್ಲೇ ತಡೆದರು. "ಬಿಡಿ. ಮಲಗ್ಲಿ, ದಿನಾ ಹೇಗಿರುತ್ತೋ ಹಾಗೇ ಇರ್ಲಿ."

ಅಂಗಡಿ ನಿಶ್ಶಬ್ದವಾಗಿತ್ತು. ನಾನು ಯಾರದೋ ಹೊಲಿಗೆ ಅಂಗಡಿಯ ಬೋರ್ಡಿನ ಚೂರು ಕೀಳುತ್ತಿದ್ದೆ. ಮೇಡಂ ಸುಮ್ಮನೆ ಕೂರಲಾರದೆ ಇನ್ನೊಂದು ಚಿಮುಟ ತೆಗೆದುಕೊಂಡು ನನ್ನ ಜೊತೆ ಸೇರಿದರು. ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. "ಇಷ್ಟು ಸಣ್ಣ ವಿಷಯಕ್ಕೆ ನಿಮ್ಮ ಮಧ್ಯಾಹ್ನವೆಲ್ಲ ಹೋಯ್ತಲ್ಲ," ಎಂದೆ. ಅವರು ಒಂದು ಅಕ್ಷರದ ಒಳಗಿನ ಚೂರನ್ನು ಹಾಗೇ ಇಡಿಯಾಗಿ ಎತ್ತಿ, "ಕಾರಣ ಗೊತ್ತಾಗದೆ ಸರಿಹೋದ್ರೆ ನಂಗೆ ಸಮಾಧಾನ ಇರಲ್ಲ," ಎಂದರು. ಇನ್ನೊಂದು ಚೂರು ಕೀಳುತ್ತಾ, "ಅವತ್ತು ನಿಮ್ಮಣ್ಣನ್ನ ಹಾಗೆ ಕೇಳಬಾರದಿತ್ತು. ಮುಖ ಚಿಕ್ಕದಾಗೋಯ್ತು" ಎಂದರು.

"ಅವನ ಮುಖ ಆಗಾಗ ಚಿಕ್ಕದಾಗ್ತಿರುತ್ತೆ. ಮತ್ತೆ ದೊಡ್ಡದಾಗುತ್ತೆ," ಎಂದೆ.

ಸಾಕಷ್ಟು ಹೊತ್ತಾದ ಮೇಲೆ ಅವರು ಎದ್ದು ಕೈ ಒರೆಸಿಕೊಂಡು ಕೀ ಒತ್ತಿದರು. ಫ್ಯಾನ್ ತಿರುಗಿತು. ನೀಲಿ. ಕಪ್ಪು. ಬಿಳಿ ಸಾಲು.

"ಕೆಟ್ಟಿದೆ," ಎಂದರು ಮೇಡಂ. ಅಷ್ಟು ಸಂತೋಷದಿಂದ ಆ ಮಾತನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅಣ್ಣ ಧಡಕ್ಕನೆ ಎದ್ದ. ಪರದೆ ನೋಡಿದ, ಅವರನ್ನು ನೋಡಿದ. "ನೋಡಿದ್ರಾ? ನೋಡಿದ್ರಲ್ಲ?" ಎಂದ. ಇಬ್ಬರ ಮುಖವೂ ಹೊಸ ಸೈಕಲ್ ಸಿಕ್ಕ ಮಕ್ಕಳ ಹಾಗಿತ್ತು. ಒಳಗಿನಿಂದ ಇಣುಕಿದ ಅಮ್ಮ, "ವಸ್ತು ಕೆಟ್ಟಿದ್ದಕ್ಕೆ ಇಷ್ಟು ಕುಣಿಯೋ ಜನಾನ ನಾನು ಇಲ್ಲೇ ನೋಡಿದ್ದು" ಎಂದು ಒಳಗೆ ಹೋದಳು.

ಮೇಡಂ ಕರೆಂಟ್ ತೆಗೆಯದೆಯೇ ಕಂಪ್ಯೂಟರಿನ ಮೂಲ ಸೆಟಿಂಗ್‌ಗಳಿರುವ ಪುಟಕ್ಕೆ ಹೋದರು. ಡ್ರೈವ್ ಇರಬೇಕಾದ ಜಾಗ ಖಾಲಿ. ಆಮೇಲೆ ಸ್ವಿಚ್ ಪೂರ್ತಿ ಆರಿಸಿ, ಕಾದು, ಹಾಕಿ, ಅದೇ ಪುಟ ತೆಗೆದರು. ಡ್ರೈವ್ ತನ್ನ ಜಾಗದಲ್ಲಿ ಕೂತಿತ್ತು.

"ಇದು ಸತ್ತಿಲ್ಲ," ಎಂದು ಅಣ್ಣನಿಗೆ ವಿವರಿಸಿದರು. "ಕಂಪ್ಯೂಟರ್ ಮಲಗುವಾಗ ಡ್ರೈವ್‌ಗೂ ಕರೆಂಟ್ ಉಳಿಸು ಅನ್ನುತ್ತೆ. ಅದೂ ಮಲಗುತ್ತೆ. ಹೊತ್ತಾದ ಹಾಗೆ ಇನ್ನೂ ಆಳಕ್ಕೆ ಹೋಗುತ್ತೆ. ಆಮೇಲೆ ಕಂಪ್ಯೂಟರ್ ಎದ್ದು ಕೂಗಿದ್ರೆ ಇದಕ್ಕೆ ಕೇಳಿಸಲ್ಲ. ಉತ್ತರ ಬರ್ಲಿಲ್ಲ ಅಂತ ಅದು ಡ್ರೈವೇ ಇಲ್ಲ ಅಂದ್ಕೊಳ್ಳುತ್ತೆ. ಕರೆಂಟ್ ಪೂರ್ತಿ ಕಿತ್ತು ಹಾಕಿದ್ರೆ ಮಾತ್ರ ಹೊಸದಾಗಿ ಶುರುವಾಗುತ್ತೆ."

"ಹಾಗಾದ್ರೆ ಇದು ಕೆಟ್ಟಿಲ್ಲ, ನಿದ್ದೆ ಜಾಸ್ತಿ ಅಷ್ಟೇ," ಎಂದ ಅಣ್ಣ. ಅವನ ದನಿಯಲ್ಲಿ ಡ್ರೈವಿನ ಮೇಲೆ ಮರುಕವಿತ್ತು.

ಮೊದಲು ಅವರು ಡ್ರೈವ್ ಕರೆಂಟ್ ಉಳಿಸುವುದು ಬೇಡ ಎಂದು ಸೆಟಿಂಗ್ ಬದಲಾಯಿಸಿದರು. ಸರಿಹೋಯಿತೇ ಎಂದು ತಿಳಿಯಲು ಇನ್ನೊಂದು ಪೂರ್ತಿ ಮಧ್ಯಾಹ್ನ ಬೇಕಾಯಿತು. ಇನ್ನೊಂದು ಊಟ, ಅಣ್ಣನ ಇನ್ನೊಂದು ನೆಟ್ಟನೆ ನಿದ್ದೆ. ಎಬ್ಬಿಸಿದರೆ ಮತ್ತೆ ಬಿಳಿ ಸಾಲು. ಮೇಡಂ ಬೇಸರಪಡಲಿಲ್ಲ. ಡ್ರೈವಿನೊಳಗೇ ಅದನ್ನು ನಡೆಸುವ ಒಂದು ಸಣ್ಣ ತಂತ್ರಾಂಶ ಇರುತ್ತದಂತೆ, ಫರ್ಮ್‌ವೇರ್ ಎನ್ನುತ್ತಾರೆ. ಏಳುವ ಪಾಠವನ್ನು ಅದು ಅರ್ಧ ಮಾತ್ರ ಕಲಿತಿರಬೇಕು ಎಂದು ಅವರಿಗನ್ನಿಸಿ ಹುಡುಕಿದರೆ, ತಯಾರಿಸಿದವರು ಅದರ ಹೊಸ ಆವೃತ್ತಿಯನ್ನು ಬಿಟ್ಟಿದ್ದರು.

ಅದನ್ನು ಹಾಕುವ ದಿನ ಅಂಗಡಿಯಲ್ಲಿ ಆಪರೇಷನ್ ಕೋಣೆಯ ಗಾಂಭೀರ್ಯ. ಅಣ್ಣ ಅಷ್ಟು ವರ್ಷ ಮಾಡಿದ್ದ ಬೋರ್ಡುಗಳನ್ನೆಲ್ಲ ಮೇಡಂ ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿದರು. "ಇದು ನಡೀವಾಗ ಕರೆಂಟ್ ಹೋಗಬಾರದು, ಹೋದ್ರೆ ಡ್ರೈವ್ ನಿಜವಾಗ್ಲೂ ಹೋಗುತ್ತೆ," ಎಂದರು. ಅಣ್ಣ ಸ್ವಿಚ್ಚಿನ ಮುಂದೆ ಕೈಕಟ್ಟಿ ಕಾವಲು ನಿಂತ. ಅಮ್ಮ ಆ ಕಡೆ ಸುಳಿದರೆ ಅವನೂ ಅತ್ತ ತಿರುಗುತ್ತಿದ್ದ. ಮುಗಿಯಿತು. ಮತ್ತೆ ಕಂಪ್ಯೂಟರನ್ನು ಮಲಗಿಸಿ ಕಾದೆವು. ಆ ದಿನ ಅಣ್ಣನಿಗೆ ನಿದ್ದೆಯೂ ಬರಲಿಲ್ಲ.

ಮೇಡಂ ಕೀ ಒತ್ತಿದರು. ಬೆಳಗ್ಗೆ ಬಿಟ್ಟಿದ್ದ ಬೋರ್ಡು, ಅರ್ಧ ಬಿಡಿಸಿದ್ದ ಒಂದು ಕತ್ತರಿಯ ಚಿತ್ರದ ಸಮೇತ, ಹಾಗೇ ಪರದೆಯ ಮೇಲೆ ಬಂದು ನಿಂತಿತು.

ಯಾರೂ ಕುಣಿಯಲಿಲ್ಲ. ಮೇಡಂ ನಿಧಾನವಾಗಿ ಒಂದೊಂದೇ ಸಲಕರಣೆಯನ್ನು ಚೀಲಕ್ಕೆ ಹಾಕಿಕೊಂಡರು. "ಮತ್ತೆ ಏನಾದ್ರೂ ಆದ್ರೆ ಫೋನ್ ಮಾಡಿ," ಎಂದರು.

"ಮಾಡ್ತೀನಿ," ಎಂದ ಅಣ್ಣ.

ಏನೂ ಆಗಲಿಲ್ಲ. ಕಂಪ್ಯೂಟರ್ ಮಧ್ಯಾಹ್ನ ಮಲಗಿ ಮಧ್ಯಾಹ್ನವೇ ಏಳುತ್ತಿತ್ತು. ಅಣ್ಣ ಪ್ರತಿಸಲ ಕೀ ಒತ್ತಿ, ಅದು ಎದ್ದದ್ದನ್ನು ಕಂಡು, ನಿಟ್ಟುಸಿರು ಬಿಡುತ್ತಿದ್ದ. ಸರಿಯಾದ ಯಂತ್ರವನ್ನು ಕಂಡು ನಿಟ್ಟುಸಿರು ಬಿಡುವವನನ್ನು ನೋಡಿ ಅಮ್ಮನಿಗೆ ತಡೆಯಲಾಗಲಿಲ್ಲ.

"ಎಲ್ಲಾದ್ರೂ ಒಂದು ತಂತಿ ಸ್ವಲ್ಪ ಸಡಿಲ ಮಾಡೋ," ಎಂದಳು.

"ಸುಳ್ಳು ಹೇಳಿ ಕರೆಸೋದಾ? ಒಂದು ಸಲ ಅವರೇ ಕೇಳಿದ್ದಾರೆ, ನಿಜವಾಗ್ಲೂ ಕೆಡುತ್ತಾ ಅಂತ," ಎಂದ ಅಣ್ಣ.

ಅಂದು ಸಂಜೆ ಅವನು ಹಿತ್ತಲ ಬಾಗಿಲಲ್ಲಿ ನಿಂತು ಫೋನ್ ಮಾಡಿದ್ದನ್ನು ನಾನು ಕೇಳಿಸಿಕೊಂಡೆ. ಕದ್ದು ಕೇಳಿದ್ದಲ್ಲ; ಅಂಟುಹಾಳೆಯ ಚೂರುಗಳನ್ನು ಕಸದ ಬುಟ್ಟಿಗೆ ಹಾಕಲು ಹೋಗಿದ್ದೆ, ಹಾಕಲು ಸ್ವಲ್ಪ ಹೊತ್ತು ಹಿಡಿಯಿತು.

"ಮೇಡಂ, ನಾನು ಬೋರ್ಡ್ ಅಂಗಡಿಯಿಂದ. ಇಲ್ಲ, ಏನೂ ಆಗಿಲ್ಲ. ಏನೂ ಆಗಿಲ್ಲ ಅಂತ ಹೇಳೋಣ ಅಂತ ಮಾಡಿದೆ. ಇವತ್ತೂ ಎದ್ದಿತು." ಅಣ್ಣ ಬಾಗಿಲ ಚಿಲಕವನ್ನು ಹಾಕಿ ತೆಗೆದು ಮಾಡುತ್ತಿದ್ದ. ಆಮೇಲೆ ಅವನ ಮುಖ ಅರಳಿತು. "ಸರಿ. ನಾಳೆನೂ ನೋಡಿ ಹೇಳ್ತೀನಿ."

ಹೀಗೆ ನಮ್ಮ ಕಂಪ್ಯೂಟರಿನ ಕ್ಷೇಮಸಮಾಚಾರ ಪ್ರತಿ ಸಂಜೆ ಎರಡು ಬೀದಿ ದಾಟಿ ಹೋಗತೊಡಗಿತು. ಮೊದಮೊದಲು ಒಂದೇ ವಾಕ್ಯ. ಬರಬರುತ್ತಾ ಅದು ಎದ್ದದ್ದನ್ನು ಹೇಳಲು ಅಣ್ಣನಿಗೆ ಹಿತ್ತಲನ್ನೆಲ್ಲ ಸುತ್ತುವಷ್ಟು ಹೊತ್ತು ಬೇಕಾಗುತ್ತಿತ್ತು. ಡ್ರೈವ್ ಎದ್ದಿತು, ಬೇಕರಿಯವರಿಗೆ ತೆನೆ ಇಷ್ಟವಾಯಿತು, ನಿಮ್ಮ ಚಿಕ್ಕಮ್ಮನ ಆ ಕಂದು ರೇಡಿಯೊ ಹಾಡಿತೇ, ಹೀಗೆ. ನಾನೂ ಅಮ್ಮನೂ ಅಷ್ಟು ಹೊತ್ತು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡದೆ ತೊಳೆಯುತ್ತಿದ್ದೆವು.

ಒಂದು ದಿನ ಅಣ್ಣ ದೂರದ ಶಾಲೆಯೊಂದಕ್ಕೆ ಬೋರ್ಡ್ ಹಾಕಲು ಏಣಿ ಸಮೇತ ಹೋದ. ಗೋಡೆ ಓರೆಯಾಗಿತ್ತಂತೆ. ಓರೆ ಗೋಡೆಗೆ ನೇರ ಬೋರ್ಡ್ ಹಾಕುವುದು ಅವನ ಮಟ್ಟಿಗೆ ಧರ್ಮಸಂಕಟ. ಫೋನಿನ ಚಾರ್ಜ್ ಮುಗಿದದ್ದೂ ಅವನಿಗೆ ಗೊತ್ತಾಗಲಿಲ್ಲ.

ಹೊತ್ತು ಇಳಿಯುವಾಗ ಅಂಗಡಿಯ ಬಾಗಿಲಲ್ಲಿ ಮೇಡಂ ನಿಂತಿದ್ದರು. ಹೆಗಲಿಗೆ ಬೂದು ಚೀಲ, ಉಸಿರು ಸ್ವಲ್ಪ ಜೋರಾಗಿತ್ತು.

"ಫೋನ್ ಬರ್ಲಿಲ್ಲ," ಎಂದರು. "ಕೆಟ್ಟಿರಬೇಕು ಅಂದ್ಕೊಂಡೆ."

"ಕಂಪ್ಯೂಟರ್ ಚೆನ್ನಾಗೇ ಇದೆ ಕಣಮ್ಮ," ಎಂದಳು ಅಮ್ಮ. "ಅವನು ಕೆಲಸಕ್ಕೆ ಹೋಗಿದ್ದಾನೆ. ಅವನೂ ಚೆನ್ನಾಗೇ ಇದ್ದಾನೆ."

ಮೇಡಂ, ಬಂದದ್ದಕ್ಕೆ ನೋಡಿಯೇ ಹೋಗುವುದು ವಾಸಿ ಎನ್ನುತ್ತಾ ಒಳಗೆ ಬಂದು, ಕಂಪ್ಯೂಟರಿನ ಮುಂದೆ ಕೂತು, ಅದನ್ನು ಮಲಗಿಸಿದರು. ದೊಡ್ಡ ನಿದ್ದೆಯ ನಂತರ ತಾನೇ ಗೊತ್ತಾಗುವುದು, ಹಾಗಾಗಿ ಕಾಯಲೇಬೇಕಾಯಿತು. ಅಮ್ಮ ನನ್ನ ಕಡೆ ನೋಡಿದಳು. ನಾನು ಚಿಮುಟದ ಕಡೆ ನೋಡಿದೆ.

ಅಣ್ಣ ಬಂದಾಗ ಬೀದಿದೀಪ ಹೊತ್ತುವ ಹೊತ್ತು. ಏಣಿಯನ್ನು ಗೋಡೆಗೊರಗಿಸಿ ಒಳಗೆ ಕಾಲಿಟ್ಟವನು ಅಲ್ಲೇ ನಿಂತ. ಅಂಗಿಯ ಮೇಲೆ ಸುಣ್ಣ, ತಲೆಯಲ್ಲಿ ಸುಣ್ಣ. "ಕೆಟ್ಟೋಯ್ತಾ?" ಎಂದ.

"ಇಲ್ಲ," ಎಂದರು ಮೇಡಂ. "ಒಂದು ವಿಷಯ ಕೇಳ್ತೀನಿ. ನೀವು ದಿನಾ ಫೋನ್ ಮಾಡೋದು ಕಂಪ್ಯೂಟರ್ ವಿಷಯಕ್ಕಾ?"

ಅಣ್ಣ ಯೋಚಿಸಿದ. ಅವನಿಗೆ ಸುಳ್ಳು ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. "ಮೊದಲನೇ ದಿನ ಹೌದು."

"ಆಮೇಲೆ?"

"ಆಮೇಲೆ ಅದು ಎದ್ದಿತಾ ಇಲ್ವಾ ಅಂತ ಗಮನಿಸೋದೇ ಮರೀತಿದ್ದೆ. ಫೋನ್ ಮಾಡೋಕೆ ಮುಂಚೆ ಓಡಿ ಹೋಗಿ ನೋಡ್ಕೊಂಡು ಬರ್ತಿದ್ದೆ, ನಿಮಗೆ ಸುಳ್ಳು ಹೇಳಿದ ಹಾಗಾಗಬಾರದು ಅಂತ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ ಗಾಜನ್ನೇ ಮತ್ತೆ ಒರೆಸಿದರು. "ಹಾಗಾದ್ರೆ ಸರಿಯಾಗಿ ಕೇಳಿ," ಎಂದರು.

ಅಣ್ಣ ಬಾಯಿ ತೆರೆದ. ಅಷ್ಟರಲ್ಲಿ ಅಮ್ಮ ನನ್ನ ತೋಳು ಹಿಡಿದು ಒಳಗೆಳೆದುಕೊಂಡು ಹೋಗಿ ಬಾಗಿಲು ಹಾಕಿದಳು. ಆದ್ದರಿಂದ ಅವನು ಏನು ಕೇಳಿದ, ಹೇಗೆ ಕೇಳಿದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಮ್ಮನನ್ನು ನಾನು ಎಲ್ಲದಕ್ಕೂ ಕ್ಷಮಿಸಿದ್ದೇನೆ, ಅದೊಂದಕ್ಕೆ ಕ್ಷಮಿಸಿಲ್ಲ. ಕೇಳಿದ್ದು ಸರಿಯಾಗಿಯೇ ಇದ್ದಿರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದಾಗ ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು, ಅಣ್ಣನ ತಲೆಯ ಸುಣ್ಣವನ್ನು ಮೇಡಂ ಕೈಯಲ್ಲಿ ಕೊಡವುತ್ತಿದ್ದರು.

ಮಳೆಗಾಲ ಶುರುವಾಗುವ ಮುಂಚೆ ಮದುವೆಯಾಯಿತು. ಅತ್ತಿಗೆ ತಮ್ಮ ಅಂಗಡಿ ಬಿಡಲಿಲ್ಲ, ಬಿಡು ಎಂದು ಯಾರೂ ಹೇಳಲೂ ಇಲ್ಲ. ಅವರ ಚಿಕ್ಕಮ್ಮನೂ ರೇಡಿಯೊಗಳನ್ನು ಹೊರಿಸಿಕೊಂಡು ನಮ್ಮ ಹಿತ್ತಲ ಕೋಣೆಗೆ ಬಂದರು. ಅವರೂ ಅಮ್ಮನೂ ಮೊದಲ ವಾರ ಬಹಳ ಮರ್ಯಾದೆಯಿಂದ ಮಾತಾಡಿಕೊಂಡರು. ಎರಡನೆಯ ವಾರ ಜೋಡಿಯಾದರು. ಈಗ ಇಬ್ಬರೂ ಸಂಜೆ ಪಾರ್ಕಿಗೆ ಹೋಗುತ್ತಾರೆ, ಅಲ್ಲಿ ಕೂತು ಅಣ್ಣ ಅತ್ತಿಗೆಯರ ತಪ್ಪುಗಳನ್ನು ಒಂದೊಂದಾಗಿ ಚರ್ಚಿಸಿ, ಮನೆಗೆ ಬಂದು ತೀರ್ಪು ಹೇಳುತ್ತಾರೆ. ಮೊನ್ನೆ ಹೊಸ ಅಪ್ಪಣೆಯಾಗಿದೆ: ಊಟದ ಮೇಜಿನ ಮೇಲೆ ಸ್ಕ್ರೂ ಇಡಕೂಡದು. ಅತ್ತಿಗೆ ಒಪ್ಪಿದ್ದಾರೆ, ಅಣ್ಣ ಒಪ್ಪಿದ್ದಾನೆ. ಸ್ಕ್ರೂಗಳು ಮಾತ್ರ ಇನ್ನೂ ಮೇಜಿನ ಮೇಲೇ ಇವೆ, ಒಂದೇ ಸಾಲಿನಲ್ಲಿ, ಬಹಳ ಅಚ್ಚುಕಟ್ಟಾಗಿ.